ಹಳೇ ಫ್ರಿಕ್ಷನ್ ಕ್ರೇನ್‌ನಿಂದ ಇವತ್ತಿಗೂ ಕೆಲಸ ತೆಗೆಯುವುದು: ನನ್ನ ಅನುಭವ

ನಾನು ಓಡಿಸುವುದು ರಸ್ಟನ್-ಬ್ಯುಸೈರಸ್ 22-ಆರ್‌ಬಿ. ಫ್ರಿಕ್ಷನ್ ಕ್ರೇನ್ ಅಂದರೆ ಹೈಡ್ರಾಲಿಕ್ ಇಲ್ಲದೆ, ಕ್ಲಚ್ಚು ಬ್ರೇಕುಗಳ ಉಜ್ಜುವ ಹಿಡಿತದಿಂದಲೇ ಉಕ್ಕಿನ ಹಗ್ಗ ಎಳೆದು ಬಿಡುವ ಮಷಿನ್. ಇಂಗ್ಲೆಂಡಿನ ಲಿಂಕನ್‌ನಲ್ಲಿ 1930ರಲ್ಲಿ ಶುರುವಾದ ಕಂಪನಿಯದು. ಜಾಲರಿಯಂಥ ಉದ್ದ ತೋಳು (ಬೂಮ್), ಚಕ್ರದ ಬದಲು ಟ್ಯಾಂಕಿನಂಥ ಕ್ರಾಲರ್ ಚೈನು, ಸಾಲಾಗಿ ನಿಂತ ಉದ್ದುದ್ದ ಲಿವರ್‌ಗಳು. ಸೆನ್ಸರ್ ಅಂತ ಒಂದೂ ಇಲ್ಲ. ಇದನ್ನು ಇನ್ನೂ ಯಾಕೆ ಗುಜರಿಗೆ ಹಾಕಿಲ್ಲ ಅಂತ ಕೇಳುವವರು ಜಾಸ್ತಿ. ಸರಿಯಾದ ಕೆಲಸ ಕೊಟ್ಟರೆ ಇದು ದುಡಿಯುತ್ತದೆ, ಅದಕ್ಕೇ ಇಟ್ಟುಕೊಂಡಿದ್ದೇನೆ.

ಸರಿಯಾದ ಕೆಲಸ ಅಂದರೆ ದಿನವಿಡೀ ಮಾಡಿದ್ದನ್ನೇ ಮಾಡುವುದು. ಡ್ರ್ಯಾಗ್‌ಲೈನ್ ಬಕೆಟ್‌ನಲ್ಲಿ (ಹಗ್ಗದಿಂದ ಮಷಿನ್ ಕಡೆಗೆ ಎಳೆಯುವ ಬಕೆಟ್) ಹೂಳು ಎಳೆಯುವುದು, ಎರಡು ದವಡೆಯ ಕ್ಲ್ಯಾಮ್‌ಶೆಲ್ ಬಕೆಟ್‌ನಲ್ಲಿ ಆಳದ ಗುಂಡಿಯಿಂದ ಮಣ್ಣು ಎತ್ತುವುದು, ನೆಲಕ್ಕೆ ಪೈಲ್ (ಅಡಿಪಾಯದ ಕಂಬ) ಹೊಡೆಯಲು ಸುತ್ತಿಗೆ ಎತ್ತಿ ಬಿಡುವುದು. ಕ್ಲಚ್ ಬಿಟ್ಟು ಬ್ರೇಕ್ ಸಡಿಲಿಸಿದರೆ ಬಕೆಟ್ ತನ್ನ ಭಾರಕ್ಕೇ ಬೀಳುತ್ತದೆ. ಅದೇ ಫ್ರೀ ಫಾಲ್. ಬರೀ ಭಾರ ಎತ್ತಲು ಮಾಡಿದ ಎಷ್ಟೋ ಹೈಡ್ರಾಲಿಕ್ ಕ್ರೇನ್‌ಗಳಲ್ಲಿ ಇದು ಇರುವುದೇ ಇಲ್ಲ. ಡ್ರ್ಯಾಗ್‌ಲೈನ್‌ನಲ್ಲಿ ಇನ್ನೊಂದು ಲಾಭ: ಬಕೆಟ್ಟನ್ನು ತೂಗಿ ಬೂಮ್ ತುದಿಗಿಂತ ಆಚೆಗೂ ಎಸೆಯಬಹುದು. ದಡದಲ್ಲೇ ನಿಂತು ನೀರೊಳಗಿನ ಕೆಸರು ತೆಗೆಯಲು ಇನ್ನೇನು ಬೇಕು?

ಇಡೀ ಮಷಿನ್ ನಿಂತಿರುವುದು ಬ್ರೇಕ್ ಬ್ಯಾಂಡು, ಕ್ಲಚ್ ಬ್ಯಾಂಡುಗಳ ಮೇಲೆ. ಬ್ರೇಕ್ ಬ್ಯಾಂಡ್ ಹಗ್ಗದ ಉರುಳೆಗೆ ಸೇರಿದ ಡ್ರಮ್ಮನ್ನು ಹೊರಗಿನಿಂದ ಬಿಗಿಯುತ್ತದೆ, ಕ್ಲಚ್ ಬ್ಯಾಂಡ್ ಒಳಗಿನಿಂದ ಅರಳಿ ಹಿಡಿಯುತ್ತದೆ. ಬಿಸಿಯಾದರೆ ಡ್ರಮ್ ಹಿಗ್ಗುತ್ತದೆ. ಆಗ ಬ್ರೇಕ್ ಮೊದಲಿಗಿಂತ ಬಿಗಿ, ಕ್ಲಚ್ ಮೊದಲಿಗಿಂತ ಸಡಿಲ. ಅದಕ್ಕೇ ಬೆಳಿಗ್ಗೆ ಹೊಂದಿಸಿದ್ದು ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ. ಇದಕ್ಕಿಂತ ಅಪಾಯ ತಣಿಯುವಾಗ. ಬಿಸಿ ಡ್ರಮ್ ಮೇಲೆ ಪೆಡಲ್ ಲಾಕ್ ಮಾಡಿ ಭಾರ ನೇತಾಡಿಸಿಟ್ಟು ಊಟಕ್ಕೆ ಹೋದರೆ, ಡ್ರಮ್ ತಣಿದು ಕುಗ್ಗುತ್ತದೆ, ಬ್ಯಾಂಡಿನ ಹಿಡಿತ ಸಡಿಲಾಗುತ್ತದೆ, ಭಾರ ಮೆಲ್ಲಗೆ ಜಾರುತ್ತದೆ. ಹಾಗಾಗಿ ನಾನು ಭಾರ ನೆಲಕ್ಕಿಳಿಸದೆ ಸೀಟು ಬಿಡುವುದಿಲ್ಲ.

ಮಳೆಯಲ್ಲಿ ಲೈನಿಂಗ್ (ಬ್ಯಾಂಡಿಗೆ ಹಾಕಿದ, ಡ್ರಮ್ಮಿಗೆ ಉಜ್ಜುವ ಪಟ್ಟಿ) ನೆನೆದರೆ ಪೆಡಲ್ ಒತ್ತಿದರೂ ಜಾರುತ್ತದೆ. ಕೆಲಸಕ್ಕೆ ಮುಂಚೆ ಖಾಲಿ ಬಕೆಟ್ ಎತ್ತಿ, ಬ್ರೇಕನ್ನು ಹಗುರವಾಗಿ ಉಜ್ಜಿಸುತ್ತಾ ಇಳಿಸುತ್ತೇನೆ. ಸ್ವಲ್ಪ ಹಬೆ ಎದ್ದು ಹಿಡಿತ ವಾಪಸ್ ಬರುತ್ತದೆ. ಎಣ್ಣೆ ಕುಡಿದ ಲೈನಿಂಗ್‌ಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಪೆಟ್ರೋಲಲ್ಲಿ ತೊಳೆದು ನೋಡುವವರಿದ್ದಾರೆ, ಸುಮ್ನೆ ಟೈಮ್ ವೇಸ್ಟ್. ಬಿಚ್ಚಿ ಹೊಸದು ಹಾಕಿ, ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕಿ.

ಲೈನಿಂಗ್ ನಾನೇ ಹಾಕುತ್ತೇನೆ. ಹಳೇ ರಿವೆಟ್ ಕೊರೆದು ತೆಗೆದು, ಬ್ಯಾಂಡ್ ಒರೆಸಿ, ಬಿರುಕಿದೆಯಾ ನೋಡಿ, ಹೊಸ ಪಟ್ಟಿಯನ್ನು ಒತ್ತಿ ಕ್ಲ್ಯಾಂಪ್ ಮಾಡಿ ತಾಮ್ರದ ರಿವೆಟ್ ಹೊಡೆಯುವುದು. ರಿವೆಟ್ ತಲೆ ಲೈನಿಂಗ್ ಮೈಗಿಂತ ಒಳಗೇ ಕೂರಬೇಕು, ಇಲ್ಲವಾದರೆ ಡ್ರಮ್ಮಿನಲ್ಲಿ ಗೀರು ಬೀಳುತ್ತದೆ. ಹೊಸ ಲೈನಿಂಗ್ ಮೊದಲು ಅಲ್ಲಲ್ಲಿ ಮಾತ್ರ ತಾಗುತ್ತದೆ. ಹಗುರ ಕೆಲಸ ಮಾಡಿಸಿ, ಬಿಚ್ಚಿ ನೋಡಿದರೆ ಎಲ್ಲೆಲ್ಲಿ ಮಿಂಚುತ್ತಿದೆಯೋ ಅಲ್ಲಲ್ಲಿ ಮಾತ್ರ ಹಿಡಿದಿರುತ್ತದೆ. ಬಹುಪಾಲು ಮೈ ಮಿಂಚುವ ತನಕ ಪೂರ್ತಿ ಭಾರ ಹಾಕುವುದಿಲ್ಲ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಲೇಬೇಡಿ. ಒದ್ದೆ ಮಾಡಿ, ಸರಿಯಾದ ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಉಕ್ಕಿನ ತಂತಿ ಹಗ್ಗದ ವಿಷಯದಲ್ಲಿ ನಾನು ಜಿಪುಣ ಅಲ್ಲ. ಒಂದು ಎಳೆ ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದೊಳಗೆ ಆರು ತಂತಿ ಕಡಿದಿದ್ದರೆ, ಅಥವಾ ಅಷ್ಟೇ ಉದ್ದದಲ್ಲಿ ಒಂದೇ ಎಳೆಯಲ್ಲಿ ಮೂರು ಕಡಿದಿದ್ದರೆ ಓಡುವ ಹಗ್ಗ ಬದಲಿಸಬೇಕು ಅನ್ನುತ್ತದೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಬಿ30.5 ನಿಯಮ. ನಾನು ಅಷ್ಟರ ತನಕವೂ ಕಾಯುವುದಿಲ್ಲ. ಕ್ಲ್ಯಾಮ್‌ಶೆಲ್ ಕೆಲಸದಲ್ಲಿ ಹಗ್ಗ ಬೇಗ ಸವೆಯುತ್ತದೆ, ಅದನ್ನು ಡೀಸೆಲ್ ಥರ ಖರ್ಚಿನ ಲೆಕ್ಕಕ್ಕೇ ಹಾಕಿಬಿಡಿ.

ಬೂಮಿನ ಮೂಲೆ ಪೈಪು ನೆಗ್ಗಿದ್ದರೆ ಗ್ಯಾಸ್ ಕಾಯಿಸಿ ನೆಟ್ಟಗೆ ಮಾಡಿಸುವ ಚಾಳಿ ಎಲ್ಲೆಡೆ ಇದೆ. ಬೇಡ. ಶಾಖಕ್ಕೆ ಉಕ್ಕಿನ ಬಲ ಹೋಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳೇ ಮಷಿನ್ ಕೊಳ್ಳುವವರು ಎಂಜಿನ್ ಸದ್ದು ಕೇಳಿ ಮಾರುಹೋಗುತ್ತಾರೆ. ಎಂಜಿನ್ ಬೇರೆ ಕೂರಿಸಬಹುದು, ಮೊದಲು ಬೂಮ್ ಮೇಲೆ ಕೈಯಾಡಿಸಿ, ಬಣ್ಣದಡಿ ವೆಲ್ಡಿಂಗ್ ಗಂಟು ಹುಡುಕಿ.

ಭಾರ ಎಷ್ಟಾಯಿತು ಅಂತ ಈ ಮಷಿನ್ ಹೇಳುವುದಿಲ್ಲ. ಬೂಮ್ ಕೋನ ತೋರಿಸುವ ಒಂದು ಲೋಲಕ, ಲೋಡ್ ಚಾರ್ಟು, ದೂರ ಅಳೆಯಲು ಟೇಪು, ಇಷ್ಟೇ ನನಗೆ ಆಧಾರ. ತೂಕ ಗೊತ್ತಿಲ್ಲದ ವಸ್ತು ಎತ್ತುವುದಿಲ್ಲ. ಬುಟ್ಟಿಯಲ್ಲಿ ಜನರನ್ನು ಏರಿಸುವುದಿಲ್ಲ. ಎರಡು ಕ್ರೇನ್ ಸೇರಿ ಎತ್ತುವ ಕೆಲಸಕ್ಕೂ ಹೋಗುವುದಿಲ್ಲ. ಅಂಥದ್ದು ಬಂದರೆ ಹೊಸ ಹೈಡ್ರಾಲಿಕ್ ಕ್ರೇನ್ ಬಾಡಿಗೆಗೆ ತರಿಸಿಕೊಳ್ಳಿ ಅಂತ ನಾನೇ ಹೇಳಿ ಕಳಿಸುತ್ತೇನೆ.