ಹೊಸಬರಿಗೆ ಮಾರ್ಗದರ್ಶಿ: ಮನೆಯಲ್ಲಿ ಕೆಮ್ಮು ಶುರುವಾದರೆ

ಹುಬ್ಬಳ್ಳಿ-ಧಾರವಾಡಕ್ಕೆ ಬಂದ ಹೊಸದರಲ್ಲಿ ಯಾರಿಗೆ ಕೆಮ್ಮು ಬಂದರೂ ನಾವು ಊರಿನ ಧೂಳನ್ನೇ ಬೈಯುತ್ತಿದ್ದೆವು. ಬೇಸಿಗೆಯಲ್ಲಿ ಧೂಳು ಇದೆ, ನಿಜ. ಆದರೆ ಧಾರವಾಡದ ಮಳೆಗಾಲ ಒಮ್ಮೆ ನೋಡಿ, ಆಮೇಲೆ ಈ ಊರಿನ ಹವೆಯ ಬಗ್ಗೆ ಮಾತಾಡಿ. ಧೂಳನ್ನು ಬೈದು ಸುಮ್ನೆ ಕೂತರೆ ಕೆಮ್ಮಿನ ನಿಜವಾದ ಕಾರಣ ತಪ್ಪಿಹೋಗುತ್ತದೆ.

ನೆಗಡಿಯ ಕೆಮ್ಮು

ವೈರಸ್‌ನಿಂದ ಬರುತ್ತದೆ. ಮೂಗು ಸೋರುವುದು ನಿಂತ ಮೇಲೂ ಮೂರು ವಾರ ಉಳಿಯಬಹುದು. ಬೆಚ್ಚಗಿನ ನೀರು, ಶುಂಠಿ ಕಷಾಯ, ಜೇನುತುಪ್ಪ ಸಾಕು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡವೇ ಬೇಡ. ಆ್ಯಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಔಷಧಿ ಅಂಗಡಿಗೆ ಹೋಗಿ "ಏನಾದ್ರೂ ಟಾನಿಕ್ ಕೊಡ್ರಿ" ಅನ್ನುವ ರೂಢಿ ಬಿಡಿ. ಚಿಕ್ಕ ಮಕ್ಕಳಿಗಂತೂ ಡಾಕ್ಟರನ್ನು ಕೇಳದೆ ಒಂದು ಚಮಚವೂ ಕೊಡಬೇಡಿ.

ಅಸ್ತಮಾ, ಅಂದರೆ ದಮ್ಮು

ಇದನ್ನು ಜಾಸ್ತಿ ಬರೆಯಲೇಬೇಕು. ಮಗಳಿಗೆ ಆಗ ಆರು ವರ್ಷ. ರಾತ್ರಿ ಎರಡಕ್ಕೆ ಒಣ ಕೆಮ್ಮು ಶುರುವಾಗುತ್ತಿತ್ತು, ಬೆಳಗ್ಗೆ ಆರಾಮ. ಬ್ಯಾಡಗಿ ಮೆಣಸಿನಕಾಯಿ ಹುರಿದರೆ ನಾವೆಲ್ಲ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿದ್ದೆವು, ಇವಳದು ನಿಲ್ಲುತ್ತಿರಲಿಲ್ಲ. ಎಂಟು ತಿಂಗಳು ಟಾನಿಕ್ ಬದಲಿಸಿದೆವು. ಕೊನೆಗೆ ಮಕ್ಕಳ ಡಾಕ್ಟರೊಬ್ಬರು ರಾತ್ರಿಯ ಕೆಮ್ಮಿನ ಬಗ್ಗೆ ಕೇಳಿ, ಎದೆ ಪರೀಕ್ಷಿಸಿ, ಪಂಪ್ (ಇನ್‌ಹೇಲರ್) ಬರೆದುಕೊಟ್ಟರು. ಅದನ್ನು ಎರಡು ತಿಂಗಳು ಕಪಾಟಿನಲ್ಲೇ ಇಟ್ಟೆವು. "ಪಂಪ್ ಹಚ್ಚಿದ್ರ ಚಟ ಆಗ್ತೈತ್ರಿ" ಅಂತ ಯಾರೋ ಹೇಳಿದ್ದರು.

ಚಟ ಆಗುವುದಿಲ್ಲ. ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಅದಕ್ಕೇ ಸ್ವಲ್ಪವೇ ಸಾಕು. ಒಳಗಿನ ಊತ ಇಳಿಸುವ ಪಂಪ್ ಒಂದು, ತಕ್ಷಣ ಉಸಿರು ಸಲೀಸು ಮಾಡುವುದು ಇನ್ನೊಂದು. ಆರಾಮಾಯಿತು ಅಂತ ಮೊದಲನೆಯದನ್ನು ನೀವಾಗಿಯೇ ನಿಲ್ಲಿಸಬೇಡಿ. ಮಕ್ಕಳಿಗೆ ಸ್ಪೇಸರ್ (ಪಂಪ್‌ಗೆ ಜೋಡಿಸುವ ಕೊಳವೆ) ಹಾಕಿಯೇ ಕೊಡಿ, ಆಮೇಲೆ ಬಾಯಿ ಮುಕ್ಕಳಿಸಲಿ. ಆ ಎರಡು ತಿಂಗಳು ಮಗಳು ಪಟ್ಟ ಕಷ್ಟ ನಿಮ್ಮ ಮಕ್ಕಳಿಗೆ ಬೇಡ.

ಬೇರೆ ಕಾರಣಗಳು

- ಉಂಡು ಮಲಗಿದ ಕೂಡಲೇ ಕೆಮ್ಮು: ಆಸಿಡಿಟಿ ಇರಬಹುದು. ರಾತ್ರಿ ಬೇಗ ಊಟ ಮಾಡಿ.
- ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ: ಒಣ ಕೆಮ್ಮು ತರಬಹುದು. ಡಾಕ್ಟರು ಬೇರೆ ಕೊಡುತ್ತಾರೆ, ನೀವೇ ಬಿಡಬೇಡಿ.
- ಬೀಡಿ, ಸಿಗರೇಟು: ಬಿಡಿ.

ಎರಡು ವಾರ ದಾಟಿದರೆ

ನೆಗಡಿಯದೇ ಇರಬಹುದು, ಆದರೂ ಟಿಬಿ ಇದೆಯೇ ಅಂತ ಕಫ ಪರೀಕ್ಷೆ ಮಾಡಿಸಿ. ಟಿಬಿ ಅಂದರೆ ನಾಚಿಕೆಪಡುವಂಥದ್ದೇನಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಎರಡೇ ತಿಂಗಳಿಗೆ ಮೈ ತುಂಬಿತು ಅಂತ ಬಿಟ್ಟರೆ ರೋಗ ಮಾತ್ರೆಗೆ ಬಗ್ಗದಂತಾಗಬಹುದು.

ಕಾಯದೆ ಹೊರಡಿ

ಕಫದಲ್ಲಿ ರಕ್ತ, ಎದೆನೋವು, ಮಾತಾಡಲಾಗದಷ್ಟು ಏದುಸಿರು, ನೀಲಿ ತುಟಿ. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಇರಬಹುದು. ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎಣಿಸಿ. ಗಾಡಿ ಇಲ್ಲದಿದ್ದರೆ 108. ಹಳೆಯ ಚೀಟಿ, ಎಕ್ಸ್‌ರೇ, ಪಂಪ್ ಒಂದೇ ಚೀಲದಲ್ಲಿ ಇಟ್ಟುಕೊಂಡಿರಿ.