ಬೆನ್ನ ಹಿಂದಿಂದ ಬಂದ ಅಣ್ಣಾವ್ರ ದನಿ

ಮೂರು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಫ್ಲ್ಯಾಟಿನ ಒಂದು ರೂಮನ್ನು ಹೋಮ್ ಥಿಯೇಟರ್ ಮಾಡಿಸಿದೆ. ಪ್ರೊಜೆಕ್ಟರ್, 100 ಇಂಚಿನ ಸ್ಕ್ರೀನ್, ಶಬ್ದ ಸುತ್ತಲಿಂದಲೂ ತಲೆ ಮೇಲಿಂದಲೂ ಬರುವಂಥ 5.1.2 ಡಾಲ್ಬಿ ಅಟ್ಮಾಸ್. ಅಂದರೆ ಸುತ್ತ ಐದು ಸ್ಪೀಕರ್, ಗುಡುಗಿನಂಥ ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್, ತಲೆ ಮೇಲೆ ಎರಡು ಸ್ಪೀಕರ್. ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಖರ್ಚಾಯಿತು.

ಮೊದಲ ಆರು ತಿಂಗಳು ಕತೆ ನೋಡಿ ಸಿನಿಮಾ ಆರಿಸಲಿಲ್ಲ, ಅಟ್ಮಾಸ್ ಗುರುತು ನೋಡಿ ಆರಿಸಿದೆ. ಹೆಲಿಕಾಪ್ಟರ್ ತಲೆ ಮೇಲೆ ಹಾರಬೇಕು, ಸೋಫಾ ನಡುಗಬೇಕು. ಯಾರು ಮನೆಗೆ ಬಂದರೂ 2013ರ ‘ಗ್ರಾವಿಟಿ’ ಹಾಕುತ್ತಿದ್ದೆ. ಅದರಲ್ಲಿ ಪಾತ್ರಗಳು ತೇಲಿದ ಕಡೆಗೆ ಮಾತೂ ರೂಮೆಲ್ಲ ಸುತ್ತುತ್ತದೆ. ನಿಜಕ್ಕೂ ಒಳ್ಳೆಯ ಸಿನಿಮಾ. ಆದರೆ ನಾನು ನೋಡುತ್ತಿದ್ದದ್ದು ಅದೇ ಹದಿನೈದು ನಿಮಿಷ, ಮತ್ತೆ ಮತ್ತೆ. ನಿಧಾನಕ್ಕೆ ಸಾಗುವ ಕನ್ನಡ ಸಿನಿಮಾಗಳನ್ನು ‘ಇದಕ್ಕೆ ಟಿವಿ ಸಾಕು’ ಅಂತ ಪಕ್ಕಕ್ಕಿಟ್ಟಿದ್ದೆ.

ಆಮೇಲೆ ಊರಿಂದ ಅಪ್ಪ ಬಂದರು. ಹಳೇ ರಾಜಕುಮಾರ್ ಸಿನಿಮಾ ಹಾಕು ಅಂದರು. ಎಲ್ಲ ಸ್ಪೀಕರೂ ಮಾತಾಡಲಿ ಅಂತ, ಸ್ಪೀಕರ್‌ಗಳಿಗೆ ದನಿ ಹಂಚುವ ರಿಸೀವರನ್ನು ಆಲ್ ಚಾನೆಲ್ ಸ್ಟೀರಿಯೋಗೆ ಇಟ್ಟೆ. ಎರಡೇ ನಿಮಿಷ, ಅಪ್ಪ ಹಿಂದೆ ತಿರುಗಿ ನೋಡಿದರು.

“ಅಣ್ಣಾವ್ರು ಎದುರಿಗಿದ್ದಾರೆ, ದನಿ ಬೆನ್ನ ಹಿಂದಿಂದ ಬರ್ತಿದೆಯಲ್ಲೋ?”

ಆ ಕಾಲದ ಸಿನಿಮಾ ಮೋನೋ, ಎಲ್ಲ ದನಿಯೂ ಒಂದೇ ಚಾನೆಲ್‌ನಲ್ಲಿ. ಅದನ್ನು ಏಳು ಕಡೆ ಹಂಚಿದರೆ ಕೆಡದೆ ಇರುತ್ತಾ? ಡಾಲ್ಬಿ ಸರೌಂಡ್ ಮೋಡ್‌ಗೆ ಬದಲಿಸಿದೆ. ಎಡಕ್ಕೂ ಬಲಕ್ಕೂ ಒಂದೇ ಆಗಿರುವ ದನಿಯನ್ನು ಅದು ಪರದೆ ಹತ್ತಿರ ನಡುವೆ ಇರುವ ಸೆಂಟರ್ ಸ್ಪೀಕರಿಗೆ ಕಳಿಸುತ್ತದೆ. ಉಳಿದ ಆರು ಸುಮ್ಮನಾದವು. ದನಿ ನೇರ ಪರದೆಯಿಂದ ಬಂತು. ಮಾತಿನ ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಅಪ್ಪ ಕಾಫಿ ಲೋಟ ಕೈಯಲ್ಲಿ ಹಿಡಿದವರು ಕುಡಿಯಲೇ ಇಲ್ಲ.

ಅಲ್ಲಿಂದ ನನ್ನ ಆಯ್ಕೆ ಬದಲಾಯಿತು. ಕೆಳಗಿನ ಮನೆಯಲ್ಲಿ ಪುಟ್ಟ ಮಗುವಿದೆ, ರಾತ್ರಿ 10ರ ಮೇಲೆ ಸಬ್‌ವೂಫರ್ ಆಫ್. ಆ ಹೊತ್ತಿಗೆ ಮಾತಿನ ಸಿನಿಮಾ, ಮಲೆನಾಡಿನ ಸಿನಿಮಾ. ಹಂಚಿನ ಮೇಲೆ ಮಳೆ ಬೀಳುವುದು, ದೂರದಲ್ಲಿ ಬಾಗಿಲು ಕಿರುಗುಟ್ಟುವುದು, ಇವೆಲ್ಲ ಟಿವಿಯಲ್ಲಿ ನನಗೆ ಕೇಳಿಸಿರಲೇ ಇಲ್ಲ. ಗದ್ದಲದ ಸಿನಿಮಾ ಭಾನುವಾರ ಮಧ್ಯಾಹ್ನಕ್ಕೆ, ಅದೂ ಬ್ಲೂ-ರೇ ಸಿಕ್ಕರೆ. ಸ್ಟ್ರೀಮಿಂಗ್‌ನಲ್ಲಿ ಅಟ್ಮಾಸ್ ಹಿಂಡಿಕೊಂಡು ಬರುತ್ತದೆ, ಡಿಸ್ಕಿನಲ್ಲಿ ಇಡಿಯಾಗಿ ಸಿಗುತ್ತದೆ.

ಸೀಲಿಂಗಿಗೆ ಇನ್ನೆರಡು ಸ್ಪೀಕರ್ ಹಾಕಿಸಬೇಕು ಅಂತಿದ್ದೆ. ಆ ದುಡ್ಡನ್ನು ಈಗ ಒಳ್ಳೆಯ ಸೆಂಟರ್ ಸ್ಪೀಕರಿಗೆ ಎತ್ತಿಟ್ಟಿದ್ದೇನೆ. ದೀಪಾವಳಿಗೆ ಅಪ್ಪ ಮತ್ತೆ ಬರುತ್ತಾರೆ.