ಒಂದೇ ಪುಸ್ತಕ, ಹತ್ತು ಮಾತು: ಜಗಳವಾಗದ ಹಾಗೆ ಕೂತು ಓದೋದು ಹೇಗೆ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ತಿಂಗಳಿಗೊಮ್ಮೆ ಎಂಟು-ಹತ್ತು ಜನ ಓದೋಕೆ ಸೇರ್ತೀವಿ. ಅಂಬೇಡ್ಕರರ ‘ಜಾತಿ ವಿನಾಶ’ ಇಟ್ಟುಕೊಂಡ ಮೊದಲ ಸಲ ನಾನೊಂದು ತಪ್ಪು ಮಾಡಿದೆ. “ಪುಸ್ತಕ ಹೇಗನ್ನಿಸ್ತು?” ಅಂತ ಕೇಳಿಬಿಟ್ಟೆ. ಐದೇ ನಿಮಿಷಕ್ಕೆ ಪುಸ್ತಕ ಮೂಲೆಗೆ ಹೋಯ್ತು, ಅವರವರ ಕುಲ-ಮಠಗಳು ಎದ್ದು ನಿಂತವು. ಒಬ್ಬರಂತೂ ಚಪ್ಪಲಿ ಮೆಟ್ಟಿ ಹೊರಟೇ ಹೋದ್ರು.

ಹಾಗೆ ಕೇಳಬೇಡಿ. ವಾರ ಮುಂಚೆಯೇ ಎಲ್ಲರಿಗೂ ಪೆನ್ಸಿಲ್ ಕೊಡಿ. ಒಪ್ಪಿದ ಸಾಲಿಗೆ ಗೆರೆ, ಒಪ್ಪದ್ದಕ್ಕೆ ಇಂಟು. ಮಾತಾಡೋರು ಮೊದಲು ಪುಟಸಂಖ್ಯೆ ಹೇಳಿ, ಆ ಸಾಲನ್ನು ಗಟ್ಟಿಯಾಗಿ ಓದಬೇಕು; ಅಭಿಪ್ರಾಯ ಆಮೇಲೆ. “ಭಾಷೆ ಗಡುಸು” ಅಂದವರಿಗೆ, ತಕರಾರು ಅನುವಾದದ್ದೋ ವಿಚಾರದ್ದೋ ಅಂತ ಕೇಳಿ.

ಹಿನ್ನೆಲೆ ನೀವೇ ಹೇಳಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅನ್ನೋ ಜಾತಿವಿರೋಧಿ ಹಿಂದೂ ಸುಧಾರಕರ ಸಂಘದವರು ಅಂಬೇಡ್ಕರರನ್ನು ಭಾಷಣಕ್ಕೆ ಕರೆದು, ಅವರ ಬರಹ ನೋಡಿದ ಮೇಲೆ ಸಮ್ಮೇಳನವನ್ನೇ ಕೈಬಿಟ್ಟರು. ಅಂಬೇಡ್ಕರ್ ಆ ಭಾಷಣವನ್ನೇ ಪುಸ್ತಕ ಮಾಡಿ ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಆಕ್ಷೇಪ ಬರೆದರು. 1937ರ ಎರಡನೇ ಮುದ್ರಣದಲ್ಲಿ ಆ ಆಕ್ಷೇಪವೂ ಇದೆ, ಅಂಬೇಡ್ಕರರ ಉತ್ತರವೂ ಇದೆ. ಎರಡನ್ನೂ ಜೆರಾಕ್ಸ್ ಮಾಡಿಸಿ. ಗಾಂಧಿ ಪರ ಇರೋರ ಕೈಲಿ ಅಂಬೇಡ್ಕರರ ಉತ್ತರ ಓದಿಸಿ, ಅಂಬೇಡ್ಕರ್ ಪರ ಇರೋರ ಕೈಲಿ ಗಾಂಧಿ ಮಾತು. ನಮ್ಮಲ್ಲಿ ದನಿ ತಾನಾಗೇ ಇಳೀತು. ಒಪ್ಪಿಗೆ ಮಾತ್ರ ಇವತ್ತಿಗೂ ಆಗಿಲ್ಲ.

ಮಂಡಕ್ಕಿ-ಮೆಣಸಿನಕಾಯಿ ಕೊನೆಗೇ ಇಡಿ. ನನ್ನ ಪ್ರತಿಯಲ್ಲಿ ಯಾರದೋ ಎಣ್ಣೆ ಹೆಬ್ಬೆಟ್ಟು ಸರಿಯಾಗಿ ಇಂಟು ಗುರುತಿನ ಮೇಲೇ ಕೂತಿದೆ.